ಅಣ ಬೇಡವೆಂದ ಮಾವ

ನಮ್ಮ ಸೋದರಮಾವ ನಿವೃತ್ತ ಮೇಷ್ಟ್ರು. ಅವರ ಕೆಂಪು ಪೆನ್ನು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಮದುವೆ ಕರೆಯೋಲೆ, ಕರೆಂಟು ಬಿಲ್ಲು, ಅತ್ತೆ ಬರೆದ ಸಾಮಾನಿನ ಚೀಟಿ, ಏನು ಕೈಗೆ ಸಿಕ್ಕರೂ ತಿದ್ದಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿಯೇ ಕೆಳಗಿಡುತ್ತಾರೆ. ನೀರು ಕಂಡರೆ ಮಾರು ದೂರ ನಿಲ್ಲುವ ಇವರು ಒಂದು ಪುಕ್ಕಟೆ ಟವೆಲ್ಲಿನ ಆಸೆಗೆ ಈಜು ಕ್ಲಬ್ಬಿನ ಸದಸ್ಯರಾದರು. ಮೊದಲ ತಿಂಗಳು ಉಚಿತ. ಎರಡನೆಯ ತಿಂಗಳಿಂದ ಬ್ಯಾಂಕಿನಲ್ಲಿ ತಂತಾನೇ ಚಂದಾ ಕಟ್ ಆಗತೊಡಗಿತು. ಮಾವ ದೂರು ಬರೆದರು. ಕ್ಲಬ್ಬಿನವರು, ಪಾಪ, ಜಗಳವನ್ನೇ ಆಡಲಿಲ್ಲ. ಆಫೀಸಿನ ಹೊಸ ಟೈಪಿಸ್ಟ್ ಹುಡುಗಿ ಉತ್ತರಿಸಿದಳು: "ನಿಮ್ಮ ಅಣ ಇಂತಿರುಗಿಸುತ್ತೇವೆ, ಈ ಪತ್ರಕ್ಕೆ ಸಹಿ ಆಕಿ ಕಳಿಸಿ." ಅಲ್ಲಿಗೆ ಮುಗಿಯಬೇಕಿತ್ತು. "ನಾನು ಕಟ್ಟಿದ್ದು ಹಣ. ಈ ಅಣ ಯಾರಿಗೆ ಬೇಕು?" ಅಂತ ಮಾವ ಕೆಂಪಗೆ ತಿದ್ದಿ, ಹತ್ತಕ್ಕೆ ಎರಡು ಕೊಟ್ಟು ವಾಪಸ್ ಕಳಿಸಿದರು. ಮುಂದಿನ ಪತ್ರದಲ್ಲಿ ಹಣವೇನೋ ಸರಿಹೋಯಿತು, ಆದರೆ ಹೆದರಿದ ಹುಡುಗಿ "ಹದಕ್ಕಾಗಿ ಹತ್ಯಂತ ವಿಷಾದ" ಅಂತ ಬರೆದಿದ್ದಳು. ನಾಲ್ಕು ಅಂಕ. "ಸಹಿ ಹಾಕಿ ದುಡ್ಡು ತಗೊಳ್ಳಬಾರದೇನ್ರಿ," ಅಂತ ಅತ್ತೆ ಹಣೆ ಚಚ್ಚಿಕೊಂಡರೆ, "ಕಾಗುಣಿತದ ತಪ್ಪಿಗೆ ನನ್ನ ಸಹಿಯಾ?" ಅನ್ನುತ್ತಿದ್ದರು. ಆರು ತಿಂಗಳು ಚಂದಾ ಕಟ್ ಆಗುತ್ತಲೇ ಇತ್ತು, ಅಂಕ ಏರುತ್ತಲೇ ಇತ್ತು. ನಿನ್ನೆ ಬಂದ ಪತ್ರವನ್ನು ಮಾವ ಮೂರು ಸಲ ಓದಿದರು. ಪೆನ್ನು ಎಲ್ಲೂ ಇಳಿಯಲಿಲ್ಲ. ಸಹಿ ಹಾಕಿ, ಹತ್ತಕ್ಕೆ ಹತ್ತು ಬರೆದು, ಪೆನ್ನಿನ ಮುಚ್ಚಳ ಮುಚ್ಚಿದರು. "ಈಗಲಾದರೂ ಸಮಾಧಾನವಾಯ್ತಾ?" ಅಂದರು ಅತ್ತೆ. "ಪಾಸಾದಳು ಕಣೇ," ಅಂದರು ಮಾವ. "ಇನ್ಯಾಕೆ ಬರೀತಾಳೆ ನಂಗೆ."