ಬಂದರಿನ ಪಾಠ

ಇತಿಹಾಸದ ಮೇಡಂ ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನ ಗಲಾಟೆಯೂ ತೆಪ್ಪಗಾಗುತ್ತಿತ್ತು. ಹೆದರಿಕೆಯಿಂದಲ್ಲ, ಕತೆಯ ಆಸೆಯಿಂದ. ಬಂದರಿನ ಪಾಠವನ್ನಂತೂ ಅವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಪರದೇಶದ ಹಡಗುಗಳು ಫಿರಂಗಿ ಹಾರಿಸಿ ಬಂದರನ್ನು ಸುಟ್ಟದ್ದು, ನೀರಿಗೆ ಹಾರಿದವರನ್ನೂ ಬಿಡದೆ ಕೊಂದದ್ದು. ಸತ್ತವರಲ್ಲಿ ಮೇಡಂ ಅವರ ಮುತ್ತಜ್ಜನೂ ಒಬ್ಬ.

ಈಗ ಅದೇ ದೇಶದವರು ನಗುನಗುತ್ತಾ ಶಾಲೆಗೆ ಬಂದರು. ಸೋರುತ್ತಿದ್ದ ಚಾವಣಿ ಸರಿಮಾಡಿಸಿದರು, ತಮ್ಮ ಭಾಷೆ ಕಲಿಸುವ ಕೇಂದ್ರ ತೆರೆದರು. ಹುಡುಗಿಯರಿಗೆ ಶೌಚಾಲಯ ಕಟ್ಟಿಸಿಕೊಟ್ಟಾಗ ಮೇಡಂ ತಾವೇ ಮುಂದೆ ನಿಂತು ವಂದನೆ ಹೇಳಿದರು. ವರ್ಷಗಟ್ಟಲೆ ಗೋಗರೆದರೂ ಸರ್ಕಾರ ಕಿವಿಗೆ ಹಾಕಿಕೊಳ್ಳದ ಕೆಲಸ ಅದು. ಮೇಡಂ ಅವರ ಒಬ್ಬಳೇ ಮಗಳು ಆ ದೇಶದಲ್ಲೇ ಓದಿ ಬಂದಿದ್ದಳು, ಅವಳಿಗೆ ಕೇಂದ್ರದಲ್ಲಿ ಕಲಿಸುವ ಕೆಲಸವೂ ಸಿಕ್ಕಿತು.

ಮರುವರ್ಷ ಬಣ್ಣಬಣ್ಣದ ಪಠ್ಯಪುಸ್ತಕ ಬಂತು. ಅದರಲ್ಲಿ ಬಂದರು ಸುಟ್ಟಿರಲೇ ಇಲ್ಲ. ಎರಡು ದೇಶಗಳ ಗೆಳೆತನ ಆ ಬಂದರಿನಲ್ಲೇ ಶುರುವಾಗಿತ್ತು. ಮೇಡಂ ಪುಸ್ತಕ ಮುಚ್ಚಿಟ್ಟು ಹಳೇ ಪಾಠವನ್ನೇ ಹೇಳಿದರು. ವಾರದೊಳಗೆ ಹೆಡ್‌ಮಾಸ್ಟರ್ ಕರೆಸಿದರು.

“ಮೇಡಂ, ಮಕ್ಕಳ ಅಪ್ಪ-ಅಮ್ಮಂದಿರೇ ದೂರು ಕೊಟ್ಟಿದ್ದಾರೆ. ಅವರ ಮಕ್ಕಳು ಆ ದೇಶಕ್ಕೆ ಓದೋಕೆ ಹೋಗ್ಬೇಕಂತೆ. ನೀವ್ಯಾಕೆ ಅಡ್ಡಗಾಲು ಹಾಕ್ತೀರಿ?”

“ನಾನು ಸುಳ್ಳು ಹೇಳಿದ್ನಾ ಸಾರ್?”

“ಸುಳ್ಳು ಅಂತ ಯಾರಂದ್ರು? ಪರೀಕ್ಷೇಲಿ ಅದು ಬರಲ್ಲ, ಅಷ್ಟೇ.”

ಮೇಡಂ ಶಿಕ್ಷಣ ಕಚೇರಿಗೆ ಅಲೆದರು. ಆ ದೇಶ ಸುತ್ತಿ ಆಗತಾನೇ ಬಂದಿದ್ದ ಅಧಿಕಾರಿ ಚಹಾ ಕೊಟ್ಟು, ಅಲ್ಲಿನ ರೈಲುಗಳನ್ನು ಬಾಯ್ತುಂಬ ಹೊಗಳಿ ಕಳಿಸಿದ. ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು.

“ಕಚೇರಿಗೆ ಹೋಗಿದ್ಯಂತೆ? ಯಾವಾಗಲೋ ಸತ್ತವರಿಗೋಸ್ಕರ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯೇನಮ್ಮಾ?”

ಮೇಡಂ ಆಮೇಲೆ ಯಾವ ಕಚೇರಿಗೂ ಹೋಗಲಿಲ್ಲ.

ಇತಿಹಾಸದ ಪಿರಿಯಡ್ ವಾರಕ್ಕೊಂದಕ್ಕೆ ಇಳಿಯಿತು. ಕೆಲಸ ಉಳಿಯಬೇಕಾದರೆ ಶಿಕ್ಷಕರೂ ಆ ಭಾಷೆ ಕಲಿಯಬೇಕೆಂದು ಆದೇಶ ಬಂತು. ಮೇಡಂ ಮಗಳ ಮುಂದೆ ಬೆಂಚಿನ ಮೇಲೆ ಕೂತರು. ನಾಲಿಗೆ ಹೊರಳದೆ ಒದ್ದಾಡಿ ಕಡೆಗೊಮ್ಮೆ ಒಂದು ವಾಕ್ಯ ಸರಿಯಾಗಿ ಬಂದಾಗ ಮಗಳ ಮುಖ ಅರಳಿತು. ಮೇಡಂಗೂ ಖುಷಿಯಾಯಿತು, ಆ ಖುಷಿಗೇ ನಾಚಿ ತಲೆ ತಗ್ಗಿಸಿದರು.

ಅಮ್ಮನಿಗೆ ಅಭ್ಯಾಸವಾಗಲೆಂದು ಮಗಳು ಮನೆಯಲ್ಲೂ ಈಗ ಆ ಭಾಷೆಯಲ್ಲೇ ಮಾತಾಡಿಸುತ್ತಾಳೆ. ಮೇಡಂ ತಡವರಿಸುತ್ತಾ ಉತ್ತರ ಕೊಡುತ್ತಾರೆ. ಅಮ್ಮ-ಮಗಳ ಜಗಳ ನಿಂತಿದೆ. ಜಗಳವಾಡುವಷ್ಟು ಮಾತು ಮೇಡಂಗೆ ಆ ಭಾಷೆಯಲ್ಲಿ ಇನ್ನೂ ಬರುವುದಿಲ್ಲ.