ಅತ್ತಿಗೆ ಕೂರಿಸಿದ ಕ್ರಾಸ್‌ಓವರ್

ಅತ್ತಿಗೆಯ ಮೇಲ್ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವಯರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಎಳೆದು ಎಳೆದು ಆದ ಕಚ್ಚು ಅದು. ಸಿಪ್ಪೆ ಬಿಡಿಸುವ ಇಕ್ಕಳ ಅವರ ಪೆಟ್ಟಿಗೆಯಲ್ಲಿ ಇರಲಿಲ್ಲವೆಂದಲ್ಲ, ಅದನ್ನು ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರು ಆ ಜಾಗ ತುಂಬಿಸಿ ಸರಿ ಮಾಡಿಕೊಡುತ್ತೇನೆ ಎಂದಾಗ, "ಬೇಡ ಡಾಕ್ಟ್ರೆ, ಅದು ನನ್ನ ಟೂಲು" ಎಂದು ಕುರ್ಚಿಯಿಂದ ಎದ್ದು ಬಂದಿದ್ದರು.

ಅವರು ನನ್ನ ಅಣ್ಣನ ಹೆಂಡತಿ, ನಾನು ಅವರ ನಾದಿನಿ. ಅಣ್ಣನಿಗೆ ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಸೌಂಡ್ಸ್ ಅಂಗಡಿ ಇತ್ತು. ಮದುವೆ, ಶಾಲಾ ವಾರ್ಷಿಕೋತ್ಸವ, ಕಬಡ್ಡಿ ಪಂದ್ಯ ಎಲ್ಲದಕ್ಕೂ ಅವನದೇ ಮೈಕು. ಒಂದು ಮಳೆಗಾಲದಲ್ಲಿ ಕಾಮಾಲೆ ಹಿಡಿದು ತೀರಿಕೊಂಡ. ಮಕ್ಕಳಿರಲಿಲ್ಲ. ಉತ್ತರಕ್ರಿಯೆ ಮುಗಿದ ಸಂಜೆಯೇ ನಮ್ಮ ಸೋದರಮಾವ ಚಾವಡಿಯಲ್ಲಿ ಕುಳಿತು, ಮೈಕ್ ಸೆಟ್ಟಿಗೆ ಒಳ್ಳೆಯ ಗಿರಾಕಿ ಇದ್ದಾನೆ ಎಂದರು.

"ಇದೆಲ್ಲ ಹೆಂಗಸರಿಗೆ ಆಗುದಿಲ್ಲ ಮಗಾ."

"ಯಾರಿಗೆ ಆಗುದಿಲ್ಲ?" ಎಂದು ಅತ್ತಿಗೆ ಕೇಳಿದರು.

ಸ್ವರ ಏರಿಸಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು. ಆಮೇಲೆ ಅದು ಅವರ ರೂಢಿಯೇ ಆಯಿತು. ಯಾರು ಎಲ್ಲಿ "ಆಗುದಿಲ್ಲ" ಎಂದರೂ ಆ ಪ್ರಶ್ನೆ ತಪ್ಪುತ್ತಿರಲಿಲ್ಲ. ನಮ್ಮ ಮನೆಮಾತು ತುಳು. ಆ ಪ್ರಶ್ನೆ ತುಳುವಿನಲ್ಲಿ ಇನ್ನೂ ಚುರುಕಾಗಿತ್ತು, ಕನ್ನಡಕ್ಕೆ ಬರುವಾಗ ಸ್ವಲ್ಪ ಮೆತ್ತಗಾಗಿದೆ.

ಅಣ್ಣ ಬಿಟ್ಟುಹೋದ ಸೆಟ್ಟಿನಲ್ಲಿ ಒಂದು ತೊಂದರೆ ಇತ್ತು. ಬೇಸ್ ಬಾಕ್ಸುಗಳಿಗೂ ಮೇಲಿನ ಬಾಕ್ಸುಗಳಿಗೂ ಎಲ್ಲ ಶಬ್ದ ಒಟ್ಟಿಗೇ ಹೋಗುತ್ತಿತ್ತು. ಭಾಷಣಕಾರರು ಬಾಯಿ ತೆರೆದರೆ ಡ್ರಮ್ಮಿನೊಳಗೆ ಕುಳಿತು ಮಾತಾಡಿದಂತೆ ಕೇಳುತ್ತಿತ್ತು. ತಗ್ಗಿನ ಶಬ್ದವನ್ನು ಮಾತ್ರ ಬೇರ್ಪಡಿಸಿ ಬೇಸ್ ಬಾಕ್ಸಿಗೆ ಕಳಿಸಲು ಆಂಪ್ಲಿಫೈಯರಿನೊಳಗೆ ಕ್ರಾಸ್‌ಓವರ್ ಎಂಬ ಕಾರ್ಡೊಂದನ್ನು ಕೂರಿಸಬೇಕು. ಅಣ್ಣ ಅದನ್ನು ತಂದಿಟ್ಟಿದ್ದ. ಕೂರಿಸಲು ಆಯುಷ್ಯ ಸಾಲಲಿಲ್ಲ.

ಆಂಪನ್ನು ಆಟೋದಲ್ಲಿ ಹಾಕಿಕೊಂಡು ಅತ್ತಿಗೆ ಬಿ.ಸಿ.ರೋಡಿನ ರಿಪೇರಿ ಅಂಗಡಿಗೆ ಹೊರಟರು. ರಜೆಯಿದ್ದುದರಿಂದ ನಾನೂ ಜೊತೆಗೆ ಹೋದೆ. ನಾನು ಶಾಲೆಯಲ್ಲಿ ಕನ್ನಡ ಟೀಚರು, ಬಿಡುವಿನಲ್ಲಿ ಸಭೆ ಸಮಾರಂಭಗಳ ನಿರೂಪಣೆ ಮಾಡುತ್ತಿದ್ದೆ. ಅಂಗಡಿಯ ಮೆಕ್ಯಾನಿಕ್ ಕಾರ್ಡನ್ನು ತಿರುಗಿಸಿ ನೋಡಿದ.

"ಇಟ್ಟು ಹೋಗಿ ಅಕ್ಕ, ಹಾಕಿ ಕೊಡ್ತೇನೆ."

"ಹಾಕುದನ್ನು ನೋಡ್ಬೇಕು. ನಾಳೆ ಹಾಳಾದ್ರೆ ನಾನೇ ಬಿಚ್ಬೇಕಲ್ಲ."

"ಅದು ಹೇಳಿದ್ರೆ ನಿಮಗೆ ಅರ್ಥ ಆಗುದಿಲ್ಲ. ಗಂಡಸರು ಯಾರಾದ್ರೂ ಇದ್ರೆ ಕಳಿಸಿ."

"ಗಂಡಸರು ಸತ್ತು ಹೋದ್ರು. ಆಂಪ್ ಬದುಕಿ ಉಂಟು. ಹೇಳಿ."

ಮೆಕ್ಯಾನಿಕ್ ತಲೆ ಎತ್ತಿ ನೋಡಿದ. ಆಮೇಲೆ ಒಂದು ಸ್ಟೂಲನ್ನು ಕಾಲಿನಲ್ಲೇ ಇತ್ತ ತಳ್ಳಿದ. ಒಳ್ಳೆಯ ಮನುಷ್ಯ, ಕಲಿಸಲು ಕುಳಿತ ಮೇಲೆ ಏನನ್ನೂ ಬಚ್ಚಿಡಲಿಲ್ಲ. ಸ್ವಿಚ್ ತೆಗೆದ ಮೇಲೂ ಆಂಪಿನೊಳಗಿನ ಕೆಪಾಸಿಟರುಗಳು ಕರೆಂಟು ಹಿಡಿದುಕೊಂಡೇ ಕೂತಿರುತ್ತವೆ, ಅದನ್ನು ಇಳಿಸದೆ ಒಳಗೆ ಕೈ ಹಾಕಬಾರದು ಎಂದು ಮೊದಲು ಹೇಳಿದ. ಕಾರ್ಡಿಗೆ ಕರೆಂಟು ಎಲ್ಲಿಂದ ಕೊಡಬೇಕು, ಮೈಕುಗಳೆಲ್ಲ ಬಂದು ಸೇರುವ ಮಿಕ್ಸರಿನಿಂದ ಬರುವ ವಯರ್ ಎಲ್ಲಿ ಒಳಹೊಕ್ಕು ಎಲ್ಲಿ ಹೊರಬರಬೇಕು ಎಂದು ತೋರಿಸಿದ. ಅತ್ತಿಗೆ ಕೇಳಿದ್ದನ್ನೇ ಮತ್ತೆ ಕೇಳಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕಡೆಗೆ ಮೆಕ್ಯಾನಿಕ್ ಹಾಕಿದ ಸೋಲ್ಡರ್ ಬೆಸುಗೆಯನ್ನು ತಾವೇ ಬಿಡಿಸಿ, ಮತ್ತೆ ತಾವೇ ಹಾಕಿದರು. ಮೊಣಕೈ ಹತ್ತಿರ ಸುಟ್ಟುಕೊಂಡದ್ದು ನನಗೆ ಗೊತ್ತಾದದ್ದು ವಾಪಸು ಬರುವಾಗ ಆಟೋದಲ್ಲಿ.

ಅವರು ಕಲಿತದ್ದು ಒಂದೇ ದಿನದಲ್ಲಿ ಫಲಿಸಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ಕಾರ್ಯಕ್ರಮ ಪುಂಜಾಲಕಟ್ಟೆಯಲ್ಲಿ, ಒಂದು ಯುವಕ ಮಂಡಲದ ವಾರ್ಷಿಕೋತ್ಸವ. ಮೈದಾನ ತುಂಬಾ ಜನ. ಮೈಕು ಹಿಡಿದದ್ದು ನಾನೇ. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಹುಡುಗರ ನೃತ್ಯಕ್ಕೆ ಹಾಡು ಹಾಕಿದಾಗ ಬೇಸ್ ಮಾಯ! ಮುರುಕು ರೇಡಿಯೋದಲ್ಲಿ ಬಂದಂತೆ ಹಾಡು ಬಂತು. ಹಿಂದಿನಿಂದ ಯಾರೋ, "ಸೌಂಡಿಗೂ ಸೀರೆ ಉಡಿಸಿದ್ದಾರೆ ಮಾರ್ರೆ" ಎಂದು ಕೂಗಿದ. ಇಡೀ ಮೈದಾನ ನಕ್ಕಿತು. ನನಗೆ ವೇದಿಕೆಯಿಂದ ಇಳಿದು ಓಡಿಹೋಗಬೇಕೆನಿಸಿತು.

ಅತ್ತಿಗೆ ಓಡಲಿಲ್ಲ. ಎದ್ದು ಒಂದು ಬೇಸ್ ಬಾಕ್ಸಿನ ಮುಂದೆ ಹೋಗಿ ನಿಂತರು, ಇನ್ನೊಂದರ ಮುಂದೆ ನಿಂತರು, ಮತ್ತೆ ನಡುವೆ ಬಂದು ನಿಂತರು. ಹತ್ತಿರ ಹೋದರೆ ಎರಡರಲ್ಲೂ ಬೇಸ್ ಇತ್ತು, ನಡುವೆ ಇರಲಿಲ್ಲ. ನನ್ನ ಕೈಯಿಂದ ಮೈಕು ತೆಗೆದುಕೊಂಡು, ಜೀವನದಲ್ಲಿ ಮೊದಲ ಸಲ ಅಷ್ಟು ಜನರ ಮುಂದೆ ಮಾತಾಡಿದರು: "ವಯರ್ ಕೊಡುದರಲ್ಲಿ ನನ್ನದು ತಪ್ಪಾಗಿದೆ. ಸರಿ ಮಾಡ್ತೇನೆ. ನಗುವವರು ನಗಿ, ಆದ್ರೆ ಎದ್ದು ಹೋಗ್ಬೇಡಿ."

ಹಾಡು ನಿಲ್ಲಿಸಿ ವಯರ್ ಕಳಚಿದರು. ಟಾರ್ಚಿನ ಬ್ಯಾಟರಿಯೊಂದನ್ನು ಬಾಕ್ಸಿನ ವಯರಿಗೆ ಮುಟ್ಟಿಸಿದರು. ಸ್ಪೀಕರಿನ ಕಾಗದದ ಕೋನ್ ಮುಂದೆ ಬಂತು. ಇನ್ನೊಂದಕ್ಕೆ ಹಾಗೆಯೇ ಮುಟ್ಟಿಸಿದರೆ ಹಿಂದಕ್ಕೆ ಹೋಯಿತು. ಒಂದರ ಪ್ಲಸ್ ಮೈನಸ್ ಅದಲುಬದಲಾಗಿ, ಒಂದು ಬಾಕ್ಸಿನ ಶಬ್ದವನ್ನು ಇನ್ನೊಂದು ತಿಂದುಹಾಕುತ್ತಿತ್ತು. ಎಲ್ಲರ ಕಣ್ಣೆದುರೇ ನೆಲದ ಮೇಲೆ ಕುಳಿತು, ವಯರನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬದಲಿಸಿದರು. ಮತ್ತೆ ಹಾಡು ಹಾಕಿದಾಗ ನನ್ನ ಕಾಲಡಿಯ ಹಲಗೆ ನಡುಗಿತು. ಕೂಗಿದವನು ಕುಣಿಯುತ್ತಿದ್ದ. ಅತ್ತಿಗೆ ಅವನತ್ತ ನೋಡಲೂ ಇಲ್ಲ.

ಮುಂದೆ ಅವರೇ ಟೆಂಪೋ ಓಡಿಸಲು ಕಲಿತರು. ಬಂಟ್ವಾಳದಿಂದ ಮೂಡುಬಿದಿರೆಯವರೆಗೂ "ಲಾಯಿಲದ ಅಕ್ಕನ ಸೆಟ್ಟು" ಎಂದರೆ ಗೊತ್ತಿತ್ತು. ಎದೆ ಒಡೆಯುವ ಹಾಗೆ ಬೇಸ್ ಬೇಕು ಎಂದವರಿಗೆ, "ನಾನು ಎದೆ ಒಡೀಲಿಕ್ಕೆ ಬಂದವಳಲ್ಲ, ಬೇರೆಯವರನ್ನು ನೋಡಿ" ಎನ್ನುತ್ತಿದ್ದರು. ಕೆಲವರು ಬೇರೆಯವರನ್ನು ನೋಡಿಕೊಂಡರು ಕೂಡ.

ಈ ನಡುವೆ ನನಗೆ ಗಂಟಲಿನ ಆಪರೇಷನ್ ಆಯಿತು. ಥೈರಾಯ್ಡಿನ ಗಂಟು ತೆಗೆದರು. ಜೀವಕ್ಕೆ ಏನೂ ಆಗಲಿಲ್ಲ, ಸ್ವರ ಮಾತ್ರ ಹೋಯಿತು. ತಿಂಗಳುಗಳ ಮೇಲೆ ವಾಪಸು ಬಂದದ್ದು ನನ್ನ ಸ್ವರವಲ್ಲ. ತೆಳ್ಳಗೆ, ನಡುನಡುವೆ ಒಡೆಯುವ ಯಾರದೋ ಸ್ವರ. ಯಾರೂ ನಿರೂಪಣೆಗೆ ಕರೆಯಲಿಲ್ಲ. ನಾನೂ ಅದನ್ನು ಒಪ್ಪಿಕೊಂಡುಬಿಟ್ಟಿದ್ದೆ. ಅತ್ತಿಗೆ ಒಪ್ಪಲಿಲ್ಲ. ಮೂಡುಬಿದಿರೆಯಲ್ಲಿ ಒಂದು ಸನ್ಮಾನ ಸಮಾರಂಭಕ್ಕೆ ಸೆಟ್ ಕಟ್ಟಲು ಹೊರಟವರು ನನ್ನನ್ನೂ ಟೆಂಪೋದಲ್ಲಿ ಕೂರಿಸಿಕೊಂಡರು. ಆ ಸಮಾರಂಭದ ನಿರೂಪಣೆ ಹಿಂದೆ ಪ್ರತಿ ವರ್ಷವೂ ನನ್ನದೇ ಆಗಿತ್ತು. ಕಾರ್ಯದರ್ಶಿ ನನ್ನನ್ನು ಕಂಡು ಮುಜುಗರಪಟ್ಟ.

"ಬೇಜಾರು ಮಾಡ್ಬೇಡಿ ಟೀಚರ್. ನಿಮ್ಮ ಸ್ವರ ಈಗ ಸ್ಟೇಜಿಗೆ ಆಗುದಿಲ್ಲ."

"ಯಾರಿಗೆ ಆಗುದಿಲ್ಲ?" ಅತ್ತಿಗೆ ಬಾಕ್ಸಿನ ಹಿಂದಿನಿಂದ ಎದ್ದು ಬಂದರು. "ಸಣ್ಣ ಸ್ವರವನ್ನು ದೊಡ್ಡದು ಮಾಡ್ಲಿಕ್ಕೆ ಅಲ್ವಾ ನೀವು ನನ್ನನ್ನು ಕರೆದದ್ದು? ದೊಡ್ಡ ಸ್ವರ ಇದ್ದವರಿಗೆ ಮೈಕ್ ಎಂತಕ್ಕೆ?"

"ಹಾಗಲ್ಲ ಅಕ್ಕ, ಜನ ಎಂತ ಹೇಳ್ತಾರೆ..."

"ಜನ ಹೇಳಿದ್ದನ್ನು ನಾನು ಕೇಳಿಕೊಳ್ತೇನೆ. ಇವಳು ಮಾತಾಡುದಿಲ್ಲ ಅಂತಾದ್ರೆ ನಾನು ಸೆಟ್ ಬಿಚ್ತೇನೆ."

ಕಾರ್ಯದರ್ಶಿ ಗಡಿಯಾರ ನೋಡಿದ, ಕಟ್ಟಿ ನಿಲ್ಲಿಸಿದ್ದ ಬಾಕ್ಸುಗಳನ್ನು ನೋಡಿದ, ಹೂಂ ಎಂದ. ಅತ್ತಿಗೆ ನನ್ನ ಮೈಕಿನ ಶಬ್ದದಲ್ಲಿ ತಗ್ಗಿನದ್ದನ್ನೆಲ್ಲ ಕತ್ತರಿಸಿ, ಉಸಿರು ಬೇಸ್ ಬಾಕ್ಸಿಗೆ ಇಳಿಯದ ಹಾಗೆ ಮಾಡಿ, ಉಳಿದ ತೆಳು ಸ್ವರವನ್ನು ಮೇಲಿನ ಬಾಕ್ಸುಗಳಿಗೆ ಏರಿಸಿದರು. "ನೀನು ಒತ್ತಿ ಮಾತಾಡ್ಬೇಡ ಮಾರಾಯ್ತಿ, ಅಡುಗೆಮನೆಯಲ್ಲಿ ನನ್ನ ಹತ್ರ ಮಾತಾಡಿದ ಹಾಗೆ ಮಾತಾಡು" ಎಂದರು. ಮಾತಾಡಿದೆ. ಸ್ವರ ಒಡೆಯಿತು. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನಾನು ನಿಲ್ಲಿಸಲಿಲ್ಲ, ಕಾರ್ಯಕ್ರಮ ಮುಗಿಯಿತು. ಮರುವರ್ಷ ಆ ಸಮಿತಿ ನಮ್ಮಿಬ್ಬರನ್ನೂ ಕರೆಯಲಿಲ್ಲ. ಅತ್ತಿಗೆಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಬೇರೆಯವರು ಕರೆದರು. ಇವತ್ತಿಗೂ ಕರೆಯುತ್ತಾರೆ. ನನ್ನ ಸ್ವರ ಹೀಗೆಯೇ ಎಂದು ಊರಿಗೆ ಒಗ್ಗಿಹೋಗಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಅತ್ತಿಗೆಗೆ ಎದೆನೋವು ಬಂತು. ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿಬಿಟ್ಟರು. ಉತ್ತರಕ್ರಿಯೆಗೆ ಸುತ್ತಲಿನ ಮೂರು ತಾಲೂಕುಗಳ ಸೌಂಡ್ಸಿನವರು ಬಂದಿದ್ದರು. ಬಿ.ಸಿ.ರೋಡಿನ ಮೆಕ್ಯಾನಿಕ್ ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಊಟಕ್ಕೆ ಮೊದಲು ನುಡಿನಮನ. ಹಿರಿಯರೆಂದು ಸೋದರಮಾವ ಮೈಕು ಹಿಡಿದರು. ಅತ್ತಿಗೆಯ ತವರು, ಗಂಡನ ಮನೆ, ವ್ರತ, ಪೂಜೆ ಎಲ್ಲ ಹೇಳಿದರು. ಸೌಂಡ್ಸಿನ ಸುದ್ದಿಯೇ ಇಲ್ಲ. "ಗಂಡ ಹೋದ ಮೇಲೂ ಮನೆತನದ ಮರ್ಯಾದೆ ಕಾಪಾಡಿ, ತಲೆ ತಗ್ಗಿಸಿ ಬಾಳಿದ ಹೆಣ್ಣುಮಗಳು" ಎಂದು ಮುಗಿಸಿದರು.

ನಿರೂಪಣೆ ಇಲ್ಲದ ಸಭೆ ಅದು. ನನ್ನನ್ನು ಯಾರೂ ಕರೆದಿರಲಿಲ್ಲ. ಹೆಂಗಸರ ಸಾಲಿನಿಂದ ಎದ್ದು ಹೋಗಿ ಮಾವನ ಕೈಯಿಂದ ಮೈಕು ತೆಗೆದುಕೊಂಡೆ.

"ಮಾವ ಹೇಳಿದ್ದು ಸರಿಯಲ್ಲ. ನಮ್ಮ ಅತ್ತಿಗೆ ತಲೆ ತಗ್ಗಿಸುತ್ತಿದ್ದದ್ದು ಆಂಪ್ ಬಿಚ್ಚುವಾಗ ಮಾತ್ರ."

ಸೌಂಡ್ಸಿನವರು ಕೂತ ಕಡೆಯಿಂದ ಒಂದು ನಗು ಎದ್ದಿತು, ಅಳುವಿನ ಹಾಗೆಯೂ ಕೇಳಿತು. ಪುಂಜಾಲಕಟ್ಟೆಯ ಮೈದಾನದ ಕಥೆಯನ್ನು ಶುರುಮಾಡಿದೆ. ಮಾವ ಸಾಕು ಎಂಬಂತೆ ಕೈ ಚಾಚಿದರು. ನಾನು ಮೈಕು ಕೊಡಲಿಲ್ಲ.