ವೆಲ್ಷ್ ಪುಟದ ಏಳು ಓದುಗರು

ಲಾಕ್‌ಡೌನಿನ ಆ ಬೇಸಿಗೆಯಲ್ಲಿ ನಾನು ಆಕಳಿಕೆಗಳನ್ನೂ ಎಣಿಸುತ್ತಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಣಿಸುವುದು ನನ್ನ ಹಳೆಯ ಚಟ. ಡೈರಿಯಲ್ಲಿ ಜೂನ್ ಹದಿನಾರು, ಮಂಗಳವಾರದ ಪುಟ ಹೀಗಿದೆ: ಆಕಳಿಕೆ ಇಪ್ಪತ್ತೆರಡು. ಲಿಫ್ಟಿಗಾಗಿ ಕಾದದ್ದು ಮೂರು ಸಲ. ‘ನಿಮ್ಮ ಧ್ವನಿ ಕೇಳಿಸುತ್ತಿಲ್ಲ’ ಎಂದು ಮೀಟಿಂಗಿನಲ್ಲಿ ಯಾರಾದರೂ ಯಾರಿಗಾದರೂ ಹೇಳಿದ್ದು ಹನ್ನೊಂದು ಸಲ. ಕೆಳಗೆ ‘ವಿಶೇಷ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬರೆದಿದ್ದೇನೆ. ಆ ತಿಂಗಳು ‘ಇಲ್ಲ’ ಎಂದು ಬರೆದ ದಿನಗಳನ್ನೂ ಎಣಿಸಿದ್ದೆ. ಅದನ್ನು ಇಲ್ಲಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ.

ಆಗ ನಾವು ಲಂಡನ್ನಿನ ಕೊಲಿಂಡೇಲಿನಲ್ಲಿ ಆರನೆಯ ಮಹಡಿಯ ಫ್ಲಾಟಿನಲ್ಲಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಗಂಡ ಸಂತೋಷ. ಇದ್ದ ಒಂದೇ ಊಟದ ಮೇಜಿನ ಎರಡು ತುದಿಗಳಲ್ಲಿ ಇಬ್ಬರ ಲ್ಯಾಪ್‌ಟಾಪ್, ನಡುವೆ ಉಪ್ಪಿನಕಾಯಿ ಬಾಟಲಿ. ಅವನು ಯಾವುದೋ ಬ್ಯಾಂಕಿನ ಗಣಕಯಂತ್ರಗಳನ್ನು ಮನೆಯಿಂದಲೇ ಸಮಾಧಾನಪಡಿಸುತ್ತಿದ್ದ. ನಾನು ರಜೆಯ ಮನೆಗಳನ್ನು ಬಾಡಿಗೆಗೆ ಕೊಡಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಜಗತ್ತಿನಲ್ಲಿ ಯಾರೂ ಎಲ್ಲಿಗೂ ಹೋಗದ ಕಾಲದಲ್ಲಿ ಪ್ರವಾಸದ ಕಂಪನಿಯ ಕೆಲಸ ಹೇಗಿರುತ್ತದೆಂದು ನೀವು ಕೇಳಬಹುದು. ಮೂರು ತಿಂಗಳು ‘ಕ್ಷಮಿಸಿ, ಮುಚ್ಚಿದೆ’ ಎಂದು ಬರೆಯುವುದು. ನಾಲ್ಕನೆಯ ತಿಂಗಳು ‘ಬನ್ನಿ, ಆದರೆ ಹುಷಾರು’ ಎಂದು ಬರೆಯುವುದು. ಎರಡನೆಯದೇ ಹೆಚ್ಚು ಸುಸ್ತು. ಮುಚ್ಚಿದ ಬಾಗಿಲಿಗೆ ಒಂದು ಬೀಗ ಸಾಕು; ಅರ್ಧ ತೆರೆದ ಬಾಗಿಲಿಗೆ ಹದಿನಾಲ್ಕು ನಿಯಮ ಬೇಕು.

ವೇಲ್ಸ್ ಮತ್ತೆ ಪ್ರವಾಸಿಗರಿಗೆ ತೆರೆಯುತ್ತದೆಂಬ ಸುದ್ದಿ ಬಂದಾಗ ಅಲ್ಲಿಯ ಮನೆಗಳ ಪುಟಗಳೆಲ್ಲ ನನ್ನ ಪಾಲಿಗೆ ಬಂದವು. ಅವುಗಳಲ್ಲಿ ನೆರಿಸ್ ಎಂಬ ಅರವತ್ತು ದಾಟಿದ ಹೆಂಗಸಿನದೂ ಒಂದು. ಉತ್ತರ ವೇಲ್ಸಿನ ಹಳ್ಳಿಯೊಂದರಲ್ಲಿ ತಮ್ಮ ಮನೆಗೆ ಅಂಟಿಕೊಂಡಿದ್ದ ಹಳೆಯ ಕೊಟ್ಟಿಗೆಯನ್ನು ಅಚ್ಚುಕಟ್ಟಾಗಿ ಎರಡು ಕೋಣೆ ಮಾಡಿ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಕಂಪನಿಯ ಅಷ್ಟೂ ಮನೆಗಳಲ್ಲಿ ಇಂಗ್ಲಿಷಿನ ಜೊತೆಗೆ ವೆಲ್ಷ್ ಭಾಷೆಯ ಪುಟವೂ ಬೇಕೆಂದು ಹಟ ಹಿಡಿದವರು ಅವರೊಬ್ಬರೇ. ಅದನ್ನು ಅವರೇ ಬರೆದು ಕಳಿಸುತ್ತಿದ್ದರು. ಜೂನ್ ಇಪ್ಪತ್ತೆರಡು, ಸೋಮವಾರ, ನಾನು ಎರಡೂ ಪುಟಗಳನ್ನು ಹಾಕಿದೆ.

ಹಾಕಿದ ಮೇಲೆ ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ನಾನು ಕನ್ನಡದವಳು. ನನ್ನ ಭಾಷೆ ಪರದೆಯ ಮೇಲೆ ಪಟ್ಟ ಪಾಡನ್ನೆಲ್ಲ ಕಂಡವಳು. ರಾತ್ರಿ ಸರಿಯಾಗಿದ್ದ ಅಕ್ಷರ ಬೆಳಗಾಗುವಷ್ಟರಲ್ಲಿ ಚೌಕ ಡಬ್ಬಿಯಾಗಿರುತ್ತದೆ. ಒತ್ತಕ್ಷರ ಮೇಲಿನ ಅಕ್ಷರದೊಡನೆ ಮುನಿಸಿಕೊಂಡು ದೂರ ಹೋಗಿ ಕೂತಿರುತ್ತದೆ. ಒಬ್ಬರ ಫೋನಿನಲ್ಲಿ ಮದುವೆಯ ಕರೆಯೋಲೆ ಆದದ್ದು ಇನ್ನೊಬ್ಬರ ಫೋನಿನಲ್ಲಿ ಬರೀ ಪ್ರಶ್ನೆಚಿಹ್ನೆಗಳ ಸಾಲು. ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದವರಿಗೆ ಅಕ್ಷರಗಳ ಮೇಲೆ ಇಂಥ ಅಪನಂಬಿಕೆ ಇರುವುದಿಲ್ಲ. ವೆಲ್ಷ್ ಬರೆಯುವುದು ಇಂಗ್ಲಿಷ್ ಲಿಪಿಯಲ್ಲೇ ಆದರೂ ಕೆಲವು ಅಕ್ಷರಗಳ ತಲೆಯ ಮೇಲೆ ಪುಟ್ಟ ಟೋಪಿ ಇರುತ್ತದೆ. ಆ ಟೋಪಿಗಳನ್ನು ಕಂಡಕೂಡಲೇ ನನಗೆ ಅನಿಸಿತು: ಇವು ಹಾರಿಹೋಗುತ್ತವೆ, ಖಂಡಿತ ಹಾರಿಹೋಗುತ್ತವೆ. ಹೀಗಾಗಿ ಪ್ರತಿದಿನ ಕೆಲಸ ಶುರುವಾಗುವ ಮುಂಚೆ ಆ ಪುಟವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ, ಫೋನಿನಲ್ಲಿ ಒಮ್ಮೆ, ಬೇರೆ ಕಂಪನಿಯದೆಂಬ ಕಾರಣಕ್ಕೆ ಸಂತೋಷನ ಫೋನಿನಲ್ಲಿ ಒಮ್ಮೆ ತೆರೆದು ನೋಡಿ, ಡೈರಿಯಲ್ಲಿ ಮೂರು ಗೀಟು ಹಾಕುತ್ತಿದ್ದೆ.

“ಅಲ್ಲಾ, ದಿನಾ ಮುಂಜಾನೆ ನನ್ನ ಫೋನಿನ್ಯಾಗ ಏನ್ ಹುಡುಕತೀ? ನನ್ನ ಮ್ಯಾಲೆ ಡೌಟ್ ಬಂದದೇನು?” ಎಂದು ಅವನು ನಾಲ್ಕನೆಯ ದಿನ ಕೇಳಿದ.

“ನಿನ್ನ ಮ್ಯಾಲಲ್ಲ, ಫಾಂಟಿನ ಮ್ಯಾಲೆ.”

“ನಮ್ಮ ಧಾರವಾಡದಾಗ ಯಾರಿಗರೆ ಹೇಳಬೇಕು. ನನ್ನ ಹೆಂಡತಿ ಲಂಡನ್ನಿನ್ಯಾಗ ಕೂತು ವೆಲ್ಷ್ ಟೊಪಿಗಿ ಕಾಯ್ತಾಳ ಅಂತ. ನಗಲಿಕ್ಕರೆ ಆಗ್ತದ.”

ನಗುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಅವನು ಫೋನ್ ಕೊಟ್ಟ, ನಾನು ಗೀಟು ಹಾಕಿದೆ.

ಪರಭಾಷೆಗೆ ಇಷ್ಟು ಕಾವಲು ಕಾದವಳು ಸ್ವಂತದ್ದಕ್ಕೆ ಏನು ಮಾಡುತ್ತಿದ್ದಳು ಎಂದು ನೀವು ಕೇಳುವ ಮೊದಲು ನಾನೇ ಹೇಳುತ್ತೇನೆ. ಲಂಡನ್ನಿನ ನಮ್ಮ ಭಾಗದ ಕನ್ನಡಿಗರ ವಾಟ್ಸಾಪ್ ಗುಂಪೊಂದಿದೆ. ಕೆಂಟನ್, ಸ್ಟ್ಯಾನ್ಮೋರ್, ಕೊಲಿಂಡೇಲ್ ಎಲ್ಲ ಸೇರಿ. ಅದರ ಪ್ರಕಟಣೆಗಳು ಮೊದಲು ಇಂಗ್ಲಿಷಿನಲ್ಲಿ ಬರುತ್ತವೆ. ಕೆಳಗೆ ಕನ್ನಡ ಸೇರಿಸುವ ಕೆಲಸ ನನ್ನದಾಗಿತ್ತು. ಸಾಂಕ್ರಾಮಿಕ ಶುರುವಾದ ಮೇಲೆ ದಣಿವಿನ ನೆಪ ಮಾಡಿಕೊಂಡು ನಿಲ್ಲಿಸಿದ್ದೆ. ಆ ನೆಪ ಹೇಳೋಣವೆಂದರೆ ಕೇಳುವವರೇ ಅಪರೂಪ ಎನ್ನುವುದು ಬೇರೆ ಮಾತು. ಕೋಟಿಗಟ್ಟಲೆ ಜನ ಆಡುವ ಭಾಷೆ ಎಂದು ವೇದಿಕೆಯಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಗುಂಪಿನಲ್ಲಿ ಅದು ಕಾಣೆಯಾದಾಗ ಆರು ವಾರದಲ್ಲಿ ವಿಚಾರಿಸಿದವರು ಒಬ್ಬರು. ಕೆಂಟನ್ನಿನ ಶಾಂತಕ್ಕ, ವಿಜಯಪುರದ ಕಡೆಯವರು, ಫೋನ್ ಮಾಡಿ ಬೈದರು: “ಏನವಾ, ಕನ್ನಡದಾಗ ಬರಿಯೂದು ಬಿಟ್ಟೇನು? ಇಂಗ್ಲೀಷಿನ್ಯಾಗ ಓದಿದ್ರ ಹಬ್ಬಕ್ಕ ಕರದಂಗ ಅನಸೂದಿಲ್ಲ, ಕೌನ್ಸಿಲ್‌ನವರು ನೋಟಿಸ್ ಕೊಟ್ಟಂಗ ಅನಸ್ತೈತಿ.”

ಮತ್ತೆ ನೆರಿಸ್ ಅವರ ಪುಟಕ್ಕೆ ಬರುತ್ತೇನೆ. ದಿನಾ ನೋಡುತ್ತಿದ್ದವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಂಗ್ಲಿಷ್ ಪುಟದಲ್ಲಿ ಹನ್ನೊಂದು ಸಾಲು, ವೆಲ್ಷ್ ಪುಟದಲ್ಲಿ ಹತ್ತೊಂಬತ್ತು. ಭಾಷೆಯಿಂದ ಭಾಷೆಗೆ ಹೋಗುವಾಗ ಮಾತು ಸ್ವಲ್ಪ ಉಬ್ಬುತ್ತದೆ, ನಿಜ; ಎಂಟು ಸಾಲು ಉಬ್ಬುವುದಿಲ್ಲ. ಕಂಪನಿಯ ಪುಟದಲ್ಲಿ ಏನಿದೆಯೆಂದು ತಿಳಿಯದೆ ಹಾಕಿದ್ದು ನನ್ನ ತಪ್ಪೇ. ಜುಲೈ ಎರಡು, ಗುರುವಾರ, ಅವರಿಗೆ ಫೋನ್ ಮಾಡಿದೆ.

“ಇಂಗ್ಲಿಷ್ ಪುಟ ಬರುವವರಿಗೆ, ಕಾರಿಯಾದ್” ಎಂದರು ನೆರಿಸ್. ಕಾರಿಯಾದ್ ಎಂದರೆ ನಮ್ಮಲ್ಲಿ ‘ಪುಟ್ಟಾ’ ಎಂದು ಕರೆದ ಹಾಗೆ. ವಯಸ್ಸಾದವರು ಕಿರಿಯರನ್ನು ಕರೆಯುವ ಮಾತು. “ಕೀಲಿ ಎಲ್ಲಿದೆ, ಕಸದ ಡಬ್ಬಿ ಯಾವುದು, ಅವರಿಗೆ ಅಷ್ಟು ಸಾಕು. ವೆಲ್ಷ್ ಪುಟ ಇಲ್ಲಿಯವರಿಗೆ.”

“ಇಲ್ಲಿಯವರು ಎಂದರೆ?”

“ನನ್ನ ಹಳ್ಳಿಯವರು. ಮತ್ತೆ ತೆರೆಯುತ್ತೇನೆ ಅಂದ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ರಸ್ತೆಯ ತಿರುವಿನಲ್ಲಿ ‘ಬರಬೇಡಿ’ ಅಂತ ಹಲಗೆ ಕಟ್ಟಿದ್ದಾರೆ. ಅವರ ಹೆದರಿಕೆ ನನಗೆ ಅರ್ಥವಾಗುವುದಿಲ್ಲವೇ? ಊರಿನಲ್ಲಿ ಅರ್ಧ ಜನ ನನಗಿಂತ ಮುದುಕರು.”

ಹೆಚ್ಚಿನ ಎಂಟು ಸಾಲುಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ಓದಿ ಹೇಳಿದರು. ಯಾವ ದಿನ ಯಾರಾದರೂ ಬರುತ್ತಾರೆ, ಯಾವ ದಿನ ಬರುವುದಿಲ್ಲ. ಕೋಣೆ ತೊಳೆಯಲು ಯಾರ ಮನೆಯ ಹುಡುಗಿಯರನ್ನೂ ಕರೆಯುವುದಿಲ್ಲ, ತಾನೇ ತೊಳೆಯುತ್ತೇನೆ. ವಯಸ್ಸಾದವರು ಅಂಗಡಿಗೆ ಹೋಗುವ ಹೊತ್ತಿಗೆ ಅತಿಥಿಗಳನ್ನು ಅತ್ತ ಬಿಡುವುದಿಲ್ಲ. ಕೊನೆಯ ಎರಡು ಸಾಲು ಹೀಗಿತ್ತು: ‘ಮುಚ್ಚಿಯೇ ಇಟ್ಟರೆ ನಾನು ಮನೆ ಮಾರಬೇಕು. ಕೊಳ್ಳುವವರು ವರ್ಷಕ್ಕೆ ಎರಡು ವಾರ ಬರುತ್ತಾರೆ, ಉಳಿದ ಐವತ್ತು ವಾರ ಈ ಗೋಡೆಗಳು ಯಾವ ಭಾಷೆಯನ್ನೂ ಕೇಳುವುದಿಲ್ಲ.’

“ಫೋನ್ ಮಾಡಿಯೇ ಹೇಳಬಹುದಿತ್ತಲ್ಲ?” ಎಂದೆ.

“ಅವರು ಎತ್ತಬೇಕಲ್ಲ.” ಆಮೇಲೆ ಕೇಳಿದರು, “ಯಾರಾದರೂ ಓದುತ್ತಿದ್ದಾರಾ? ನಿಮಗೆ ಅಲ್ಲಿ ಗೊತ್ತಾಗುತ್ತದಂತಲ್ಲ?”

ನೋಡಿ ಹೇಳುತ್ತೇನೆ ಎಂದೆ. ನೋಡಲಿಲ್ಲ. ಡೈರಿಯಲ್ಲಿ ‘ನಾಳೆ’ ಎಂದು ಬರೆದುಕೊಂಡು, ಮರುದಿನ ಮತ್ತೆ ‘ನಾಳೆ’ ಎಂದು ಬರೆದೆ. ಆಗ ಎಲ್ಲರ ನಾಳೆಗಳೂ ಹಾಗೇ ಇದ್ದವು.

ನೋಡಲೇಬೇಕಾದದ್ದು ಜುಲೈ ಹದಿನಾಲ್ಕು, ಮಂಗಳವಾರ. ನಮ್ಮ ಕಂಪನಿಯ ಮೇಲಧಿಕಾರಿ ಮಾರ್ಕ್, ಒಳ್ಳೆಯವನು, ನಮಗಿಂತ ಹೆಚ್ಚು ದಣಿದವನು. ಮನೆಯಲ್ಲಿ ಜಾಗವಿಲ್ಲದೆ ಬಟ್ಟೆಯ ಕಪಾಟಿನ ಮುಂದೆ ಕೂತು ಕಂಪನಿ ನಡೆಸುತ್ತಿದ್ದ. ಅವನ ಎಲ್ಲ ನಿರ್ಧಾರಗಳ ಹಿಂದೆಯೂ ಒಂದು ನೀಲಿ ಕೋಟು ತೂಗುತ್ತಿತ್ತು. ಆ ದಿನದ ವೀಡಿಯೊ ಮೀಟಿಂಗಿನಲ್ಲಿ ಅವನು, ಓದುವವರಿಲ್ಲದ ಪುಟಗಳನ್ನೆಲ್ಲ ತೆಗೆದುಹಾಕಬೇಕು, ಐವತ್ತು ಸಲವಾದರೂ ತೆರೆಯದ ಪುಟ ಇಟ್ಟುಕೊಳ್ಳುವಂತಿಲ್ಲ ಎಂದ.

“ಆ ವೆಲ್ಷ್ ಪುಟ?” ಎಂದು ನನ್ನನ್ನು ಕೇಳಿದ.

ಎಣಿಕೆ ತೆರೆದೆ. “ಐವತ್ತೆಂಟು.”

“ಹೌದಾ! ಪರವಾಗಿಲ್ಲವೇ. ಇರಲಿ ಬಿಡಿ” ಎಂದು ಮುಂದಿನದಕ್ಕೆ ಹೋದ.

ಅವನು ಮುಂದಕ್ಕೆ ಹೋದ, ನಾನು ಹಿಂದೆಯೇ ಉಳಿದೆ. ಡೈರಿ ಪಕ್ಕದಲ್ಲೇ ಇತ್ತು. ಅದರಲ್ಲಿ ಗೀಟುಗಳು ಸಾಲುಗಟ್ಟಿ ನಿಂತಿದ್ದವು: ಪುಟ ಹಾಕಿದ ದಿನವೂ ಸೇರಿ, ಶನಿವಾರ ಭಾನುವಾರ ಬಿಟ್ಟು, ದಿನಕ್ಕೆ ಮೂರರಂತೆ ಹದಿನೇಳು ದಿನ. ಐವತ್ತೊಂದು. ಟೋಪಿ ಕಾಯುತ್ತಿದ್ದ ನಾನೇ ಆ ಪುಟದ ಅತಿ ನಿಷ್ಠೆಯ ಓದುಗಾರ್ತಿ, ಒಂದಕ್ಷರ ವೆಲ್ಷ್ ಬಾರದವಳು. ನಿಜವಾಗಿ ಉಳಿದದ್ದು ಏಳು.

ಸುಮ್ಮನಿದ್ದರೆ ಪುಟ ಉಳಿಯುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ. ಮಧ್ಯಾಹ್ನದವರೆಗೆ ಸುಮ್ಮನಿದ್ದೆ ಕೂಡ. ಆದರೆ ಎಣಿಸುವವಳಿಗೆ ತನ್ನ ಒಂದು ಲೆಕ್ಕ ಸುಳ್ಳೆಂದು ಗೊತ್ತಾದರೆ ಹಿಂದಿನ ಆಕಳಿಕೆಗಳ ಮೇಲೂ ನಂಬಿಕೆ ಹೋಗುತ್ತದೆ. ಮೂರು ಗಂಟೆಗೆ ಮಾರ್ಕ್‌ಗೆ ಬರೆದೆ: ಐವತ್ತೊಂದು ನನ್ನವು, ಏಳು ಉಳಿದವರದು, ಆದರೆ ಆ ಪುಟ ಅತಿಥಿಗಳಿಗಲ್ಲ, ಹಳ್ಳಿಯವರಿಗೆ, ಹಳ್ಳಿಯಲ್ಲಿರುವುದೇ ಹನ್ನೆರಡು ಮನೆ. ಅವನ ಉತ್ತರ ಸಭ್ಯವಾಗಿತ್ತು. ಪ್ರಾಮಾಣಿಕತೆಗೆ ವಂದನೆ, ಹಳ್ಳಿಗೆ ಶುಭಾಶಯ, ಪುಟ ಶುಕ್ರವಾರದೊಳಗೆ ತೆಗೆಯಿರಿ.

“ಯಾರ್ ಕೇಳಿದ್ರು ನಿನ್ನ?” ಎಂದ ಸಂತೋಷ, ಮೇಜಿನ ಆ ತುದಿಯಿಂದ. “ಐವತ್ತೆಂಟು ಅಂತ ಮಷೀನೇ ಹೇಳಿತ್ತಲ್ಲ. ಮಷೀನಿಗಿಂತ ನೀನೇ ದೊಡ್ಡ ಮಷೀನು.”

“ನಿನ್ನ ಫೋನಿನ ಹದಿನೇಳು ಅದರಾಗ ಅವ. ನೀನೂ ಪಾಲುದಾರ.”

“ಹಂಗಾರ ಮುದುಕಿಗೆ ನೀನೇ ಹೇಳು. ನನ್ನ ಹೆಸರು ತಗೀಬ್ಯಾಡ.”

ಹೇಳಬೇಕಾದದ್ದು ನಾನೇ. ಮರುದಿನ ಬುಧವಾರ ಫೋನ್ ಹಿಡಿದು, ಹೇಳುವ ಮಾತನ್ನು ಕಾಗದದಲ್ಲಿ ಬರೆದುಕೊಂಡು ಕೂತೆ. ಮೊದಲು ಕ್ಷಮೆ, ನಂತರ ಕಾರಣ, ಕೊನೆಗೆ ದಿನಾಂಕ. ಕ್ರಮವಾಗಿ ಮೂರನ್ನೂ ಹೇಳಿದೆ. ಪುಟ ಹೋಗುತ್ತದೆ ಎಂದೆ. ನನ್ನ ಕಾವಲಿನ ಕಥೆ ಹೇಳಿದೆ. ಐವತ್ತೊಂದು ಕಳೆದು ಏಳು ಎಂದೆ.

ಈಗ ಅಳುತ್ತಾರೇನೋ ಎಂದುಕೊಂಡು ಸಮಾಧಾನದ ಮಾತು ಹುಡುಕತೊಡಗಿದೆ.

“ಏಳಾ?” ಎಂದರು ನೆರಿಸ್. ಧ್ವನಿ ಏರಿತು. “ಏಳು! ಯಾರ್ಯಾರು?”

“ಅದು ನಮಗೆ ಗೊತ್ತಾಗುವುದಿಲ್ಲ...”

“ನಾನು ಒಬ್ಬರೂ ಓದಿಲ್ಲ ಅಂದುಕೊಂಡಿದ್ದೆ. ಮೂರು ವಾರದಿಂದ ಒಬ್ಬರೂ ಮುಖ ಕೊಟ್ಟು ನೋಡಲಿಲ್ಲ. ಅಂದರೆ ಒಳಗೆ ಕೂತು ಓದುತ್ತಿದ್ದಾರೆ, ಕಳ್ಳರು! ಇರು, ಎಣಿಸೋಣ. ಎದುರು ಮನೆಯ ಗ್ವೆನ್, ಖಂಡಿತ. ಅವಳಿಗೆ ತಿಳಿಯದೆ ಇಲ್ಲಿ ಬೆಕ್ಕೂ ಮರಿ ಹಾಕುವುದಿಲ್ಲ. ಅವಳ ತಮ್ಮ. ಅಂಗಡಿಯವನು, ಅವನ ಹೆಂಡತಿ ಬೇರೆಯಾಗಿ...” ಹೀಗೆ ಒಂದೊಂದೇ ಹೆಸರು ಹೇಳುತ್ತ ಆರರವರೆಗೆ ಬಂದು ನಿಂತರು. ಏಳನೆಯವರು ಸಿಗಲಿಲ್ಲ. “ಹುಡುಕುತ್ತೇನೆ” ಎಂದು ಫೋನ್ ಇಟ್ಟೇಬಿಟ್ಟರು. ಪುಟದ ವಿಷಯ ಮರೆತೇಹೋಗಿತ್ತು.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಇದೆ. ಏಳು ಸಲ ತೆರೆದಿದ್ದಾರೆ ಎಂದರೆ ಏಳು ಜನ ಎಂದಲ್ಲ. ಎದುರು ಮನೆಯ ಗ್ವೆನ್ ಒಬ್ಬರೇ ಏಳು ಸಲ ಓದಿರಬಹುದು. ಅದನ್ನು ತಿದ್ದುವುದು ನನ್ನ ಕರ್ತವ್ಯವಾಗಿತ್ತು. ಅವರು ಎಣಿಸುತ್ತಿರುವಾಗಲೇ ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಡೈರಿಗಳಲ್ಲಿ ತಿಳಿದೂ ತಿದ್ದದೆ ಬಿಟ್ಟ ಲೆಕ್ಕ ಇದೊಂದೇ. ದಣಿವಿಗೂ ಒಮ್ಮೊಮ್ಮೆ ವಿವೇಕವಿರುತ್ತದೆ.

ಶುಕ್ರವಾರ ಸಂಜೆ ಪುಟ ತೆಗೆದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಹತ್ತೊಂಬತ್ತು ಸಾಲು ಹೋದವು. ‘ವಿಶೇಷ’ದ ಜಾಗದಲ್ಲಿ ‘ಇಲ್ಲ’ ಎಂದು ಬರೆಯಲು ಮನಸ್ಸಾಗಲಿಲ್ಲ, ಬೇರೆ ಏನು ಬರೆಯಬೇಕೆಂದೂ ತೋಚಲಿಲ್ಲ.

ಮುಂದಿನ ಬುಧವಾರ ನೆರಿಸ್ ಅವರ ಇಮೇಲ್ ಬಂತು. ಏಳನೆಯವರು ಯಾರೆಂದು ಕೇಳಿಕೊಂಡು ಅವರು ಗೇಟಿನಿಂದ ಗೇಟಿಗೆ ಹೋಗಿದ್ದರಂತೆ, ಎರಡು ಮೀಟರ್ ದೂರದಲ್ಲೇ ನಿಂತು. ಸಿಟ್ಟು ಮಾಡಿಕೊಂಡವರಿಗೆ ‘ನಮ್ಮನ್ನು ಕ್ಷಮಿಸು’ ಎನ್ನುವುದು ಕಷ್ಟ, ‘ನೀನಾ ಓದಿದ್ದು?’ ಎಂದರೆ ‘ಹೂಂ’ ಎನ್ನುವುದು ಸುಲಭ. ಗ್ವೆನ್ ಹೂಂ ಎಂದರು. ಅವರ ತಮ್ಮ ಹೂಂ ಎಂದ. ಹಾಗೆ ಹೂಂ ಎಂದವರು ಒಟ್ಟು ಹದಿಮೂರು ಜನ. ತಿರುವಿನ ಹಲಗೆ ಇನ್ನೂ ಇದೆಯಂತೆ, ಆದರೆ ಅದನ್ನು ಕಟ್ಟಿದವನೇ ನೆರಿಸ್ ಅವರ ಅತಿಥಿಗಳಿಗೆ ದಾರಿ ತಪ್ಪದಿರಲೆಂದು ಕೆಳಗೊಂದು ಬಾಣದ ಗುರುತು ಬರೆದಿದ್ದಾನೆ.

ಕೊನೆಯಲ್ಲಿ ಒಂದು ಕೋರಿಕೆಯಿತ್ತು. ‘ತೆಗೆದ ಪುಟದ ಪ್ರತಿ ನಿನ್ನ ಬಳಿ ಇದ್ದರೆ ಕಳಿಸು, ಕಾರಿಯಾದ್. ನಾನು ಬರೆದ ಹಾಳೆ ಎಲ್ಲೋ ಹೋಗಿದೆ. ಹದಿಮೂರರಲ್ಲಿ ಐದು ಜನ ಸಂಜೆ ಒಬ್ಬೊಬ್ಬರೇ ಬಂದು, ಅದರಲ್ಲಿ ಏನಿತ್ತು ಅಂತ ಮೆಲ್ಲಗೆ ಕೇಳುತ್ತಿದ್ದಾರೆ.’

ಪ್ರತಿ ಇತ್ತು, ಕಳಿಸಿದೆ. ಭಾಷೆಗಳ ಆಯಸ್ಸನ್ನು ಜನ ಏನೇನೋ ಎಣಿಸಿ ಅಳೆಯುತ್ತಾರೆ. ನನ್ನ ಅಳತೆ ಈಗ ಬದಲಾಗಿದೆ: ಓದದವರೂ ಓದಿದ್ದೇವೆಂದು ಸುಳ್ಳು ಹೇಳಿ, ಆಮೇಲೆ ನಾಚಿಕೊಂಡು ಓದಲು ಬರುತ್ತಿರುವವರೆಗೆ, ಯಾವ ಭಾಷೆಗೂ ಅಂಥ ಭಯವೇನಿಲ್ಲ.